ಗೋಡೆ ಹೋಯ್ತು, ಬುಟ್ಟಿ ಉಳೀತು

ಬ್ಯಾಕೋಡು ಬಸ್ಸಿಗೆ ಈಗ ಲಾಂಚು ಕಾಯುವ ಗೋಳಿಲ್ಲ. 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಆದರೆ ಆಚೆ ದಡದಲ್ಲಿ ದೀವರ ಹಸೆ ಚಿತ್ತಾರ ನೋಡೋಣ ಅಂದ್ರೆ ಮಣ್ಣಿನ ಗೋಡೆಗಳೇ ಅಪರೂಪ.

ಯಾವ ಚಿತ್ರಶಾಲೆಯ ಮೆಟ್ಟಿಲನ್ನೂ ಹತ್ತದ ಹೆಂಗಸರು ಅಜ್ಜಿ ಬರೆಯುವುದನ್ನು ನೋಡಿಯೇ ಕಲಿತ ವಿದ್ಯೆ ಇದು. ಕೆಮ್ಮಣ್ಣು, ಅಕ್ಕಿಹಿಟ್ಟು, ಪುಂಡಿನಾರಿನ ಕುಂಚ, ಇಷ್ಟೇ ಬಂಡವಾಳ!

1951ರಲ್ಲಿ ಕಾಗೋಡಿನಲ್ಲಿ ಗೇಣಿಯ ಕೊಳಗದ ಅಳತೆಗಾಗಿ ಒಡೆಯರಿಗೆ ಎದುರು ನಿಂತವರು ಇದೇ ದೀವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಅದರ ನೀರಿಗೆ ಊರಿಗೆ ಊರೇ ಹೋದಾಗ ಹಸೆಗೋಡೆಗಳೂ ಮುಳುಗಿದವು. ಉಳಿದವಕ್ಕೆ ಸಿಮೆಂಟು ಬಂತು.

ಈಗ ಚಿತ್ತಾರ ಕಾಗದಕ್ಕೆ, ಬಟ್ಟೆಗೆ ಇಳಿದಿದೆ. ಪೇಟೆಯವರು ಕಟ್ಟು ಹಾಕಿಸಿ ಒಯ್ಯುತ್ತಾರೆ. ನಾಲ್ಕು ಕಾಸು ಬರಲಿ, ತಪ್ಪೇನು? ಭೂಮಿ ಹುಣ್ಣಿಮೆಗೆ, ಬಸುರಿ ಭೂಮ್ತಾಯಿಗೆ ಬಯಕೆಯೂಟ ಹೊರುವ ಬುಟ್ಟಿಗೆ ಮಾತ್ರ ಮನೆಯ ಹೆಂಗಸರೇ ಚಿತ್ತಾರ ಬರೀಬೇಕು. ಅದನ್ನು ಅಂಗಡಿಯಿಂದ ತರೋ ಹಾಗಿಲ್ಲ.