ಸೋರುವುದು ತೇಗದ ಪಟ್ಟಿಯಲ್ಲ, ಅದರಡಿಯ ತೂತು

ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿಗಳ ಕ್ಯಾಬಿನ್ ಚಾವಣಿಯ ಎರಡೂ ಬದಿಗೆ, ಅಲೆಯಲೆಯಾಗಿ ಕೊರೆದ ತೇಗದ ಹಿಡಿಪಟ್ಟಿ ಇರುತ್ತದೆ. ದೋಣಿ ಒಂದು ಮಗ್ಗುಲಿಗೆ ವಾಲಿದಾಗ ಡೆಕ್ ಮೇಲಿರುವವರಿಗೆ ಆಸರೆ ಅದೇ. ಮಳೆ ಬಿದ್ದು ಒಳಗಿನ ಹಾಸಿಗೆ ಒದ್ದೆಯಾದಾಗ ಮೊದಲ ಅನುಮಾನವೂ ಅದರ ಮೇಲೆಯೇ. ಆ ಅನುಮಾನ ಅನೇಕ ಸಲ ನಿಜವೂ ಹೌದು. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಪಟ್ಟಿಯ ಕಾಲುಗಳ ಸುತ್ತ ಸಿಲಿಕೋನ್ ಬಳಿದುಬಿಟ್ಟರೆ ಸೋರಿಕೆ ನಿಲ್ಲುತ್ತದೆ, ಬಿಚ್ಚುವ ತಾಪತ್ರಯ ಯಾಕೆ ಎಂದುಕೊಳ್ಳುವವರೇ ಹೆಚ್ಚು. ಹೀಗೆ ಬಳಿದ ಎಷ್ಟೋ ದೋಣಿಗಳಲ್ಲಿ ತೊಟ್ಟಿಕ್ಕುವುದು ನಿಂತಿರುತ್ತದೆ, ನೀರು ಇಳಿಯುವುದು ನಿಂತಿರುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಹೋದರೆ ಡೆಕ್ಕೇ ಕೈತಪ್ಪಿಹೋಗುತ್ತದೆ.

ಯಾಕೆಂದು ತಿಳಿಯಲು ಡೆಕ್ ಒಳಗೆ ಏನಿದೆ ಎಂದು ನೋಡಬೇಕು. ಅಮೆರಿಕದ ರೋಡ್ ಐಲೆಂಡಿನಲ್ಲಿ ಪಿಯರ್ಸನ್ ಸೋದರಸಂಬಂಧಿಗಳು ಕಟ್ಟಿದ, ಕಾರ್ಲ್ ಆಲ್‌ಬರ್ಗ್ ವಿನ್ಯಾಸದ 28 ಅಡಿಯ ಟ್ರೈಟನ್ 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನಕ್ಕೆ ಬಂತು. ಆ ಕಾಲದಿಂದ ಮುಂದಕ್ಕೆ ಸಾಲುಸಾಲಾಗಿ ತಯಾರಾದ ಬಹಳಷ್ಟು ದೋಣಿಗಳ ಡೆಕ್ ಗಟ್ಟಿ ಫೈಬರ್‌ಗ್ಲಾಸ್ ಅಲ್ಲ. ಮೇಲೊಂದು ತೆಳು ಪದರ, ಕೆಳಗೊಂದು, ನಡುವೆ ಬಾಲ್ಸಾ ಮರದ ತಿರುಳು. ಹಗುರವಾಗಿದ್ದೂ ಬಿಗುವಾಗಿರಲು ಇದಕ್ಕಿಂತ ಜಾಣ ಉಪಾಯ ಆಗ ಇರಲಿಲ್ಲ. ಆದರೆ ಹಿಡಿಪಟ್ಟಿ ಕೂರಿಸುವಾಗ ಅನೇಕ ಕಾರ್ಖಾನೆಗಳು ಈ ಮೂರು ಪದರವನ್ನೂ ನೇರವಾಗಿ ಕೊರೆದು ಬೋಲ್ಟ್ ಹಾಕಿದವು. ತೂತಿನ ಗೋಡೆಯಲ್ಲಿ ಹಸಿ ಬಾಲ್ಸಾ ಹಾಗೇ ತೆರೆದುಕೊಂಡಿತು. ಒಂದು ಪಟ್ಟಿಗೆ ಆರೇಳು ಕಾಲು, ಎರಡು ಪಟ್ಟಿಗೆ ಹತ್ತಿರ ಹತ್ತಿರ ಹದಿನೈದು ತೂತು. ಕಾರ್ಖಾನೆಯಲ್ಲಿ ಹಚ್ಚಿದ ಸೀಲಂಟ್ ಕೆಲವು ದಶಕಗಳಲ್ಲಿ ಒಣಗಿ ಬಿರಿದ ಮೇಲೆ ಪ್ರತಿಯೊಂದು ತೂತೂ ತಿರುಳಿಗೆ ತೆರೆದ ಬಾಗಿಲೇ.

ಕಾಲಿನ ಅಂಚಿಗೆ ಬಳಿದ ಸಿಲಿಕೋನ್ ಈ ಬಾಗಿಲನ್ನು ಮುಚ್ಚುವುದಿಲ್ಲ. ನೀರು ಬರುವುದು ಅಂಚಿನಿಂದ ಮಾತ್ರವಲ್ಲ. ಬೋಲ್ಟಿನ ತಲೆಯನ್ನು ಮುಚ್ಚಿದ ಪುಟ್ಟ ತೇಗದ ಬಿರಡೆ ಸಡಿಲವಾಗಿದ್ದರೆ ನೀರು ಅಲ್ಲಿಂದಲೇ ಬೋಲ್ಟನ್ನು ಹಿಡಿದು ಇಳಿಯುತ್ತದೆ. ಅಂಚು ಮುಚ್ಚಿದ್ದರಿಂದ ಹಾಗೆ ಇಳಿದ ನೀರಿಗೆ ಹೊರದಾರಿಯೂ ಇಲ್ಲ. ತೇಗ ಒದ್ದೆಯಾದಾಗ ಉಬ್ಬಿ ಒಣಗಿದಾಗ ಕುಗ್ಗುವುದರಿಂದ ಬಳಿದ ಗೆರೆ ಬೇಗನೆ ಒಂದೆಡೆ ಕಿತ್ತುಕೊಳ್ಳುತ್ತದೆ. "ಬಳಿದ ಮೇಲೆ ಒಂದು ಹನಿಯೂ ಬೀಳಲಿಲ್ಲವಲ್ಲ" ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಹನಿ ಬೀಳದಿರುವುದು ಎರಡು ಕಾರಣಕ್ಕೆ: ನೀರು ಬರುತ್ತಿಲ್ಲ, ಇಲ್ಲವೇ ಬಂದ ನೀರನ್ನು ಬಾಲ್ಸಾ ಕುಡಿಯುತ್ತಿದೆ. ಮಲೆನಾಡಿನ ಮನೆಯಲ್ಲಿ ಹೆಂಚು ಒಡೆದದ್ದು ಒಂದೆಡೆಯಾದರೆ ನೀರು ತೊಟ್ಟಿಕ್ಕುವುದು ಇನ್ನೆಲ್ಲೋ. ದೋಣಿಯಲ್ಲೂ ಒಳಚಾವಣಿಯ ಹೊದಿಕೆಯ ಮೇಲೆ ಹರಿದ ನೀರು ಬಹುದೂರ ಹೋಗಿ ಬೀಳುತ್ತದೆ. ಆದ್ದರಿಂದ ಹನಿಯನ್ನಲ್ಲ, ಡೆಕ್ಕನ್ನು ಕೇಳಬೇಕು. ಪ್ಲಾಸ್ಟಿಕ್ ಸುತ್ತಿಗೆಯಿಂದ ಪಟ್ಟಿಯ ಸುತ್ತ ಮೆಲ್ಲಗೆ ತಟ್ಟಿದರೆ ಗಟ್ಟಿ ತಿರುಳು ಚುರುಕಾಗಿ ಟಕ್ಕೆನ್ನುತ್ತದೆ, ಕೊಳೆತದ್ದು ಮಂಕಾಗಿ ದೊಪ್ಪೆನ್ನುತ್ತದೆ. ಬೋಲ್ಟಿನ ಬುಡದಲ್ಲಿ ಕಂದು ನೀರಿನ ಕಲೆ ಕಂಡರೆ ಕೊಳೆಯುವಿಕೆ ಶುರುವಾಗಿ ಬಹಳ ಕಾಲವಾಗಿದೆ ಎಂದೇ ಅರ್ಥ. ತುಕ್ಕು ಹಿಡಿಯದೆಂದು ನಂಬಿದ ಸ್ಟೇನ್‌ಲೆಸ್ ಬೋಲ್ಟಿಗೂ ಇಲ್ಲಿ ರಕ್ಷೆಯಿಲ್ಲ. ಅದನ್ನು ಕಾಯುವ ಕ್ರೋಮಿಯಂ ಆಕ್ಸೈಡ್ ಪೊರೆಗೆ ಆಮ್ಲಜನಕ ಬೇಕು. ನಿಂತ ಉಪ್ಪುನೀರಿನ ಸಂದಿಯಲ್ಲಿ ಅದು ಸಿಗದೆ ಲೋಹ ಗುಳಿಬಿದ್ದು ತೆಳುವಾಗುತ್ತದೆ. ಹೊರಗಿನಿಂದ ಇದು ಕಾಣುವುದೇ ಇಲ್ಲ. ಆಸರೆಗೆಂದು ಇರುವ ಪಟ್ಟಿಯ ವಿಷಯದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಲಾಗದು.

ಮರ ಬೂದಿಬಣ್ಣಕ್ಕೆ ತಿರುಗಿದ್ದನ್ನು ಕಂಡು ಪಟ್ಟಿಯನ್ನೇ ಎಸೆಯಲು ಹೊರಡುವವರೂ ಇದ್ದಾರೆ. ಬಿಸಿಲಿಗೆ ಬಣ್ಣ ಕಳೆದುಕೊಳ್ಳುವುದು ಮೇಲ್ಮೈ ಮಾತ್ರ. ಮುಂಬೈಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಯುದ್ಧನೌಕೆಯನ್ನು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ನೋಡಬಹುದು. ಅಂಥ ಮರ ಐವತ್ತು ವರ್ಷದ ದೋಣಿಯಲ್ಲಿ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಮೇಲಿನ ತೇಗ ನೆಟ್ಟಗಿರುವಾಗಲೇ ಅದರಡಿಯ ಬಾಲ್ಸಾ ಗೊಬ್ಬರವಾಗಿರಬಹುದು. ಎರಡೂ ಮರವೇ, ಬಾಳಿಕೆ ಮಾತ್ರ ಒಂದಲ್ಲ.

ಬಿಚ್ಚಲು ಒಪ್ಪಿದವರನ್ನೂ ಕಾಡುವ ಇನ್ನೊಂದು ನಂಬಿಕೆ, ಎಲ್ಲಕ್ಕಿಂತ ಗಟ್ಟಿಯಾಗಿ ಅಂಟುವುದೇ ಒಳ್ಳೆಯ ಸೀಲಂಟ್ ಎಂಬುದು. 3ಎಂ 5200ರಂಥ ಪಾಲಿಯುರೆಥೇನ್ ಶಾಶ್ವತ ಜೋಡಣೆಗೆಂದೇ ಇರುವ ಅಂಟು. ಮುಂದೊಮ್ಮೆ ಪಟ್ಟಿ ತೆಗೆಯಬೇಕಾದಾಗ ಮರವಾದರೂ ಸೀಳುತ್ತದೆ, ಡೆಕ್ಕಿನ ಜೆಲ್‌ಕೋಟ್ ಆದರೂ ಕಿತ್ತುಬರುತ್ತದೆ. ಅಷ್ಟೊಂದು ಎಳೆತ ಬೀಳುವ ಪಟ್ಟಿಗೆ ಬಲವಾದ ಅಂಟು ಬೇಡವೇ ಎಂದರೆ, ಆ ಭಾರ ಹೊರುವುದು ಬೋಲ್ಟ್ ಮತ್ತು ಅದರ ವಾಷರ್. ಸೀಲಂಟಿನ ಕೆಲಸ ಮರದೊಂದಿಗೆ ಹಿಗ್ಗಿ ಕುಗ್ಗುತ್ತಾ ನೀರು ತಡೆಯುವುದಷ್ಟೇ. ಅದಕ್ಕೆ ಎಂದೂ ಗಟ್ಟಿಯಾಗದ ಬ್ಯುಟೈಲ್ ಟೇಪ್ ಅಥವಾ ತೇಗಕ್ಕೆ ಚೆನ್ನಾಗಿ ಒಗ್ಗುವ ಪಾಲಿಸಲ್ಫೈಡ್ ಸಾಕು. ಸಿಲಿಕೋನ್ ಮಾತ್ರ ಬೇಡವೇ ಬೇಡ. ಅದರ ಜಿಡ್ಡು ಉಳಿದ ಜಾಗಕ್ಕೆ ಮುಂದೆ ಬಣ್ಣವಾಗಲಿ ಬೇರೆ ಸೀಲಂಟಾಗಲಿ ಹಿಡಿಯುವುದು ಕಷ್ಟ.

ಆದರೂ ಸೀಲಂಟಿನ ಆಯ್ಕೆಗಿಂತ ತೂತಿನ ಆರೈಕೆ ಮುಖ್ಯ, ಮತ್ತು ಬಿಚ್ಚದೆ ಅದು ಆಗುವುದಿಲ್ಲ. ಬಿರಡೆಯ ನಡುವೆ ಸಣ್ಣ ತೂತು ಕೊರೆದು ಸ್ಕ್ರೂ ತಿರುಗಿಸುತ್ತಾ ಹೋದರೆ, ತುದಿ ಬೋಲ್ಟಿನ ತಲೆಗೆ ತಾಗಿದ ಕೂಡಲೇ ಬಿರಡೆ ತಾನೇ ಮೇಲೆದ್ದು ಬರುತ್ತದೆ. ಅನೇಕ ದೋಣಿಗಳಲ್ಲಿ ಅದೇ ಬೋಲ್ಟ್ ಕ್ಯಾಬಿನ್ ಒಳಗಿನ ಹಿಡಿಪಟ್ಟಿಯನ್ನೂ ಹಿಡಿದಿರುತ್ತದೆ, ಹಾಗಾಗಿ ಒಳಗೊಬ್ಬರು ಇರಬೇಕು. ಪಟ್ಟಿಯನ್ನು ಒಂದೇ ತುದಿಯಿಂದ ಮೀಟಿದರೆ ಕಮಾನಿನ ತೆಳುಭಾಗದಲ್ಲಿ ಮುರಿಯುತ್ತದೆ; ಎಲ್ಲ ಕಾಲುಗಳಡಿ ಬೆಣೆ ಕೊಡುತ್ತಾ ಕೂದಲೆಳೆಯಷ್ಟೇ ಏರಿಸುತ್ತಾ ಹೋಗಬೇಕು. ಆಮೇಲೆ ತೂತನ್ನು ಅಗಲಿಸಿ, ಸುತ್ತಲಿನ ಬಾಲ್ಸಾ ಕೆರೆದು, ಒಣಗಲು ಬಿಟ್ಟು, ಕೆಳಬಾಯಿಗೆ ಟೇಪ್ ಹಚ್ಚಿ, ದಪ್ಪಗೆ ಕಲಸಿದ ಎಪಾಕ್ಸಿ ತುಂಬಬೇಕು. ಅದು ಗಟ್ಟಿಯಾದ ಮೇಲೆ ನಡುವೆ ಹೊಸ ತೂತು ಕೊರೆದರೆ ಬೋಲ್ಟಿನ ಸುತ್ತ ಎಪಾಕ್ಸಿಯದೇ ಕೊಳವೆ. ಮುಂದೆಂದಾದರೂ ಸೀಲಂಟ್ ಸೋತರೂ ನೀರು ಕೆಳಗೆ ತೊಟ್ಟಿಕ್ಕುತ್ತದೆ, ತಿರುಳಿಗೆ ಹೋಗುವುದಿಲ್ಲ. ತೂತಿನ ಮೇಲ್ಬಾಯಿಯನ್ನು ತುಸು ಇಳಿಜಾರಾಗಿ ಕೆತ್ತಿದರೆ ಸೀಲಂಟ್ ಅಲ್ಲಿ ಉಂಗುರದಂತೆ ನಿಲ್ಲುತ್ತದೆ. ಬಿಗಿಯುವಾಗ ಒಳಗಿನ ನಟ್ಟನ್ನು ಮಾತ್ರ ತಿರುಗಿಸಬೇಕು. ಬೋಲ್ಟ್ ತಿರುಗಿದರೆ ಆ ಉಂಗುರ ಹರಿಯುತ್ತದೆ.

ಇಷ್ಟು ಶ್ರಮ ಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಎಪಾಕ್ಸಿ ಒಣಗುವ ಹೊತ್ತು ಸೇರಿದರೆ ಹಲವು ದಿನಗಳ ಕೆಲಸ. ಆದರೆ ತಿರುಳು ಕೊಳೆತು ಹರಡಿದ ಮೇಲೆ ಡೆಕ್ಕಿನ ಮೇಲ್ಪದರವನ್ನೇ ಕತ್ತರಿಸಿ ತೆಗೆದು, ಹೊಸ ಬಾಲ್ಸಾ ಕೂರಿಸಿ, ಮತ್ತೆ ಫೈಬರ್‌ಗ್ಲಾಸ್ ಹೊದಿಸಿ ಬಣ್ಣ ಹೊಡೆಯಬೇಕಾಗುತ್ತದೆ, ಅದು ತಿಂಗಳುಗಳ ಮಾತು. ತಟ್ಟಿದಾಗ ಸದ್ದು ಮಂಕಾಗಿದ್ದ ಜಾಗ ಅಂಗೈಯಗಲ ಮೀರಿದ್ದರೆ ಪಟ್ಟಿ ಮರುಜೋಡಣೆಗೆ ಮೊದಲು ಆ ರಿಪೇರಿಯೇ ಆಗಬೇಕು.