ಹಸಿರು ಜೆರ್ಸಿ ಯಾರಿಗೆ: ಗೆದ್ದವರಿಗೋ, ದಿನವೂ ಮುಂದಿದ್ದವರಿಗೋ?

2009ರ ಟೂರ್ ಡಿ ಫ್ರಾನ್ಸ್‌ನಲ್ಲಿ ಬ್ರಿಟನ್ನಿನ ಮಾರ್ಕ್ ಕ್ಯಾವೆಂಡಿಷ್ ಆರು ಹಂತಗಳನ್ನು ಗೆದ್ದರು. ನಾರ್ವೆಯ ಥೋರ್ ಹುಶೋವ್ಡ್ ಗೆದ್ದದ್ದು ಒಂದೇ ಒಂದು. ಆದರೂ ಪ್ಯಾರಿಸ್‌ನಲ್ಲಿ ಓಟ ಮುಗಿದಾಗ ಅಂಕಗಳ ಸ್ಪರ್ಧೆಯ ಹಸಿರು ಜೆರ್ಸಿ ತೊಟ್ಟು ನಿಂತವರು ಹುಶೋವ್ಡ್. ಅವರದು 280 ಅಂಕ, ಕ್ಯಾವೆಂಡಿಷ್ ಅವರದು 270. ಆರು ಗೆಲುವನ್ನು ಒಂದು ಗೆಲುವು ಮೀರಿಸಿದ್ದು ನ್ಯಾಯವೇ ಎಂಬ ವಾದ ಸೈಕ್ಲಿಂಗ್ ಅಭಿಮಾನಿಗಳಲ್ಲಿ ಅಂದಿಗೂ ಇತ್ತು, ಇಂದಿಗೂ ಇದೆ. ನ್ಯಾಯ ತೀರ್ಮಾನಕ್ಕೆ ಮೊದಲು ಲೆಕ್ಕ ಹೇಗೆ ನಡೆಯುತ್ತದೆಂದು ನೋಡಬೇಕು.

ಟೂರ್ ಮೂರು ವಾರಗಳ ಓಟ, ಒಟ್ಟು 21 ಹಂತ. ಎಲ್ಲ ಹಂತಗಳ ಸಮಯ ಕೂಡಿಸಿದಾಗ ಅತಿ ಕಡಿಮೆ ಯಾರದೋ ಅವರಿಗೆ ಹಳದಿ ಜೆರ್ಸಿ. ಆದರೆ ಸಮತಟ್ಟು ನೆಲದ ಹಂತಗಳಲ್ಲಿ ನೂರಕ್ಕೂ ಹೆಚ್ಚು ಸವಾರರು ಒಂದೇ ಗುಂಪಾಗಿ ಗೆರೆ ದಾಟುತ್ತಾರೆ, ಎಲ್ಲರಿಗೂ ಒಂದೇ ಸಮಯ ದಾಖಲಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ದಾಟಿದ ವೇಗದಲ್ಲಿ, ಅರ್ಧ ಚಕ್ರದ ಅಂತರದಲ್ಲಿ ಗೆಲ್ಲುವ ಸ್ಪ್ರಿಂಟರ್‌ಗೂ ಗುಂಪಿನ ಬಾಲದಲ್ಲಿ ಬಂದವನಿಗೂ ಗಡಿಯಾರದಲ್ಲಿ ವ್ಯತ್ಯಾಸವಿಲ್ಲ. ಈ ಕೊರತೆ ತುಂಬಲು ಬಂದದ್ದು ಅಂಕಗಳ ಸ್ಪರ್ಧೆ. ಇಲ್ಲಿ ಎಷ್ಟು ಸೆಕೆಂಡು ಮುಂದೆ ಎಂಬುದು ಲೆಕ್ಕಕ್ಕಿಲ್ಲ, ಎಷ್ಟನೆಯ ಸ್ಥಾನ ಎಂಬುದಷ್ಟೇ ಮುಖ್ಯ.

ಅಂಕ ಹಂಚುವ ಪಟ್ಟಿ ಆಗಾಗ ಬದಲಾಗಿದೆ. 2015ರಲ್ಲಿ ಜಾರಿಗೆ ಬಂದ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಸಮತಟ್ಟು ಹಂತ ಗೆದ್ದವರಿಗೆ 50, ಎರಡನೆಯವರಿಗೆ 30, ಮೂರನೆಯವರಿಗೆ 20, ಹೀಗೆ ಇಳಿಯುತ್ತಾ ಹದಿನೈದನೆಯವರಿಗೆ 2. ಗುಡ್ಡಗಾಡು ಹಂತದಲ್ಲಿ ಗೆದ್ದವರಿಗೆ 30, ಎರಡನೆಯವರಿಗೆ 25. ದೊಡ್ಡ ಪರ್ವತ ಹಂತಗಳಲ್ಲಿ ಗೆದ್ದರೂ ಸಿಗುವುದು 20 ಮಾತ್ರ. ಇದಲ್ಲದೆ, ಒಬ್ಬೊಬ್ಬರೇ ಅಥವಾ ತಂಡವಾಗಿ ಗಡಿಯಾರದ ವಿರುದ್ಧ ಓಡುವ ದಿನಗಳನ್ನು ಬಿಟ್ಟರೆ, ಪ್ರತಿದಿನ ದಾರಿಯ ನಡುವೆ ಒಂದು ಊರಲ್ಲಿ ಗೆರೆ ಎಳೆದಿರುತ್ತಾರೆ. ಅದನ್ನು ಮೊದಲು ದಾಟಿದವರಿಗೆ 20, ನಂತರದವರಿಗೆ 17, 15 ಎಂದು ಹದಿನೈದು ಮಂದಿಗೆ ಅಂಕ. ಇದೇ ಮಧ್ಯಂತರ ಸ್ಪ್ರಿಂಟ್. ಟಿವಿಯಲ್ಲಿ ಕೊನೆಯ ಹತ್ತು ಕಿಲೋಮೀಟರ್ ಮಾತ್ರ ನೋಡುವವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ಹಸಿರು ಜೆರ್ಸಿಯ ಹಣೆಬರಹ ಬರೆಯುವುದು ಬಹಳ ಸಲ ಈ ಗೆರೆಯೇ.

ಇಬ್ಬರ ಅಂಕ ಸಮನಾದರೆ ಹೆಚ್ಚು ಹಂತ ಗೆದ್ದವರು ಮೇಲೆ. ಅಲ್ಲೂ ಸಮನಾದರೆ ಮಧ್ಯಂತರ ಸ್ಪ್ರಿಂಟ್‌ಗಳ ಗೆಲುವು, ಆಮೇಲೆ ಒಟ್ಟಾರೆ ಸಮಯದ ಸ್ಥಾನ. ಅಂದರೆ ನಿಯಮದ ಕಣ್ಣಲ್ಲಿ ಗೆಲುವಿಗೆ ಮರ್ಯಾದೆ ಇದೆ, ಆದರೆ ಅದು ಸಮಬಲ ಮುರಿಯುವಾಗ ಮಾತ್ರ.

ಗೆಲುವು ಹೆಚ್ಚೋ ಸ್ಥಿರತೆ ಹೆಚ್ಚೋ ಎಂಬುದನ್ನು ತೀರ್ಮಾನಿಸುವುದು ಪಟ್ಟಿಯ ಮೊದಲ ಎರಡು ಅಂಕಿಗಳ ನಡುವಿನ ಅಂತರ. 2009ರಲ್ಲಿ ಸಮತಟ್ಟು ಹಂತಕ್ಕೆ 35 ಮತ್ತು 30 ಅಂಕಗಳಿದ್ದವು. ಏಳು ಬಾರಿ ಎರಡನೆಯವರಾದರೆ 210, ಆರು ಬಾರಿ ಗೆದ್ದರೂ 210. 2011ರಲ್ಲಿ ಅದು 45 ಮತ್ತು 35 ಆಯಿತು. ಒಂಬತ್ತು ಎರಡನೇ ಸ್ಥಾನಗಳು ಏಳು ಗೆಲುವಿಗೆ ಸಮ. 2015ರ 50 ಮತ್ತು 30ರಲ್ಲಿ ಐದು ಎರಡನೇ ಸ್ಥಾನಗಳು ಮೂರೇ ಗೆಲುವಿಗೆ ಸಮ. ಆರು ವರ್ಷಗಳಲ್ಲಿ ಸಂಘಟಕರು ಪಟ್ಟಿಯನ್ನು ಗೆಲುವಿನ ಕಡೆಗೆ ಎಷ್ಟು ಬಲವಾಗಿ ವಾಲಿಸಿದರೆಂಬುದು ಇದರಲ್ಲೇ ಕಾಣುತ್ತದೆ.

ಆರಂಭದಲ್ಲಿ ವಾಲಿದ್ದು ಪೂರ್ತಿ ಇನ್ನೊಂದು ಕಡೆಗೆ. 1904ರ ಟೂರ್‌ನಲ್ಲಿ ಕೆಲವರು ರೈಲು ಹತ್ತಿ ದಾರಿ ಕಳೆದ ಹಗರಣವಾದ ಮೇಲೆ, 1905ರಿಂದ 1912ರವರೆಗೆ ಇಡೀ ಟೂರ್‌ನ ವಿಜೇತರನ್ನೇ ಸಮಯ ಬಿಟ್ಟು ಅಂಕಗಳ ಮೇಲೆ ಆರಿಸಿದರು. 1913ರಲ್ಲಿ ಮತ್ತೆ ಗಡಿಯಾರಕ್ಕೆ ಮರಳಿದರು. ಹಸಿರು ಜೆರ್ಸಿ ಹುಟ್ಟಿದ್ದು 1953ರಲ್ಲಿ, ಟೂರ್‌ಗೆ ಐವತ್ತು ವರ್ಷ ತುಂಬಿದ ನೆನಪಿಗೆ. ಮೊದಲ ಸಲ ಗೆದ್ದವರು ಸ್ವಿಟ್ಜರ್‌ಲೆಂಡ್‌ನ ಫ್ರಿಟ್ಸ್ ಷೇರ್. ಆಗ ಅಂಕ ಎಂದರೆ ದಂಡ: ಮೊದಲ ಸ್ಥಾನಕ್ಕೆ 1, ಎರಡಕ್ಕೆ 2, ಕೊನೆಗೆ ಯಾರದು ಅತಿ ಕಡಿಮೆಯೋ ಅವರೇ ವಿಜೇತರು. ಗೆದ್ದವರಿಗೂ ಎರಡನೆಯವರಿಗೂ ಒಂದೇ ಅಂಕದ ವ್ಯತ್ಯಾಸವಾದರೆ ಗೆಲುವಿಗೆ ಬೆಲೆಯೇ ಇಲ್ಲದಂತಾಯಿತು; ಒಂದು ಕೆಟ್ಟ ದಿನ ನಾಲ್ಕಾರು ಗೆಲುವಿನ ಲಾಭವನ್ನು ತಿಂದುಹಾಕುತ್ತಿತ್ತು. 1959ರಲ್ಲಿ ಅಂಕ ಕೊಡುವ ಪದ್ಧತಿ ಬಂತು. ಆಮೇಲೂ ಸ್ಥಿರತೆಯ ಕೈಯೇ ಮೇಲಾಗಿತ್ತು. ಐರ್ಲೆಂಡಿನ ಶಾನ್ ಕೆಲ್ಲಿ ನಾಲ್ಕು ಸಲ ಹಸಿರು ಜೆರ್ಸಿ ಗೆದ್ದರು. ಅದರಲ್ಲಿ 1983, 1985, 1989ರಲ್ಲಿ ಒಂದು ಹಂತವನ್ನೂ ಗೆದ್ದಿರಲಿಲ್ಲ. 1996ರಿಂದ ಸತತ ಆರು ವರ್ಷ ಗೆದ್ದ ಜರ್ಮನಿಯ ಎರಿಕ್ ಝಾಬೆಲ್ ಅವರದೂ 1998, 1999ರಲ್ಲಿ ಇದೇ ಕಥೆ.

ಈಗ ಮತ್ತೆ 2009ಕ್ಕೆ. ಹುಶೋವ್ಡ್ ಅವರ ಏಕೈಕ ಗೆಲುವು ಬಾರ್ಸಿಲೋನಾದಲ್ಲಿ ಬಂತು. ಮಳೆಯಲ್ಲಿ ನೆನೆದ ರಸ್ತೆ, ಕೊನೆಗೆ ಏರು. ಕ್ಯಾವೆಂಡಿಷ್ ಅವರಂಥ ಶುದ್ಧ ಸ್ಪ್ರಿಂಟರ್‌ಗೆ ಅದು ಒಗ್ಗುವ ನೆಲವಲ್ಲ. ಬೆಸಾನ್ಸಾನ್ ಊರಿನ ಹಂತದಲ್ಲಿ ಹುಶೋವ್ಡ್ ಅವರ ದಾರಿಗೆ ಅಡ್ಡ ಬಂದರೆಂದು ತೀರ್ಪುಗಾರರು ಕ್ಯಾವೆಂಡಿಷ್ ಅವರನ್ನು ಗುಂಪಿನ ಕೊನೆಗೆ ಇಳಿಸಿದರು. ಅಂದಿನ ಅಂಕಗಳು ಹೋದವು. ಆದರೆ ನನ್ನ ಮಟ್ಟಿಗೆ ಆ ವರ್ಷದ ತೀರ್ಮಾನ ಆದದ್ದು ಹದಿನೇಳನೇ ಹಂತದಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ. ಸ್ಪ್ರಿಂಟರ್‌ಗಳೆಲ್ಲ ಹಿಂದೆ ಉಳಿದು ಹೇಗೋ ದಿನ ದೂಡುವ ಜಾಗ ಅದು. ಅಂಥಲ್ಲಿ ಹುಶೋವ್ಡ್ ಒಬ್ಬರೇ ಮುಂದೆ ಹೋಗಿ ಘಟ್ಟ ಹತ್ತಿ ಇಳಿದರು, ಕಣಿವೆಯ ಎರಡು ಮಧ್ಯಂತರ ಸ್ಪ್ರಿಂಟ್‌ಗಳಲ್ಲಿ ಆರಾರು ಅಂಕ ಬಾಚಿಕೊಂಡರು. ಒಟ್ಟು 12. ಪ್ಯಾರಿಸ್‌ನಲ್ಲಿ ಇಬ್ಬರ ನಡುವೆ ಉಳಿದ ಅಂತರ 10. ಕ್ಯಾವೆಂಡಿಷ್ ಅವರಿಗಿಂತ ವೇಗದ ಕಾಲು ಆ ವರ್ಷ ಟೂರ್‌ನಲ್ಲಿರಲಿಲ್ಲ, ನಿಜ. ಆದರೆ ಹುಶೋವ್ಡ್ ಆ ದಿನ ಮಾಡಿದ್ದನ್ನು ಎಷ್ಟನೇ ಗೆಲುವು ಎಂದು ಎಣಿಸಲಾಗದು. ಅದಕ್ಕೆ ಅಂಕದ ಬೆಲೆ ಕಟ್ಟಿದ್ದು ಹಸಿರು ಜೆರ್ಸಿಯ ಸ್ಪರ್ಧೆ.

ಮರುವರ್ಷ ಕ್ಯಾವೆಂಡಿಷ್ ಐದು ಹಂತ ಗೆದ್ದರು. ಹಸಿರು ಜೆರ್ಸಿ ಎರಡು ಹಂತ ಗೆದ್ದ ಇಟಲಿಯ ಅಲೆಸ್ಸಾಂದ್ರೊ ಪೆಟಾಕಿ ಅವರ ಪಾಲಾಯಿತು. 2011ರಲ್ಲಿ ಸಂಘಟಕರು ಗೆಲುವಿನ ಅಂಕ ಏರಿಸಿದರು, ಚಿಲ್ಲರೆ ಅಂಕದ ಹಲವು ಮಧ್ಯಂತರ ಸ್ಪ್ರಿಂಟ್‌ಗಳ ಬದಲು ದಿನಕ್ಕೊಂದೇ ದೊಡ್ಡ ಸ್ಪ್ರಿಂಟ್ ಇಟ್ಟರು. ಆ ವರ್ಷ ಕ್ಯಾವೆಂಡಿಷ್ ಕೊನೆಗೂ ಗೆದ್ದರು. ಅದೂ ಸುಲಭವಾಗಿ ಅಲ್ಲ. ಪರ್ವತ ಹಂತಗಳಲ್ಲಿ ವಿಜೇತರು ಬಂದ ಇಂತಿಷ್ಟು ಹೊತ್ತಿನೊಳಗೆ ಬರದವರನ್ನು ಓಟದಿಂದ ಹೊರಹಾಕುವ ನಿಯಮವಿದೆ. ತಡವಾದವರ ಗುಂಪು ತುಂಬ ದೊಡ್ಡದಿದ್ದರೆ ತೀರ್ಪುಗಾರರು ಉಳಿಸಿಕೊಳ್ಳಬಹುದು. ಗಾಲಿಬಿಯೆ ಮತ್ತು ಆಲ್ಪ್ ದ್ಯುಯೆಜ್ ಹಂತಗಳಲ್ಲಿ ಕ್ಯಾವೆಂಡಿಷ್ ಅಂಥ ಗುಂಪಿನಲ್ಲಿ ಬಂದು ಉಳಿದುಕೊಂಡರು, ಆದರೆ ಎರಡು ಸಲವೂ 20 ಅಂಕ ದಂಡ ತೆತ್ತರು. ಪ್ಯಾರಿಸ್ ಮುಟ್ಟದವರಿಗೆ ಜೆರ್ಸಿಯೇ ಇಲ್ಲ. 2017ರಲ್ಲಿ ಐದು ಹಂತ ಗೆದ್ದು ಹಸಿರು ಜೆರ್ಸಿ ತೊಟ್ಟಿದ್ದ ಜರ್ಮನಿಯ ಮಾರ್ಸೆಲ್ ಕಿಟೆಲ್ ಬಿದ್ದು ಗಾಯಗೊಂಡು ಆಲ್ಪ್ಸ್‌ನಲ್ಲಿ ಓಟ ಬಿಟ್ಟರು. ಜೆರ್ಸಿ ಆಸ್ಟ್ರೇಲಿಯಾದ ಮೈಕಲ್ ಮ್ಯಾಥ್ಯೂಸ್ ಅವರಿಗೆ ಹೋಯಿತು.

ಗೆಲುವಿನ ಪರ ವಾದಿಸುವವರು ತಪ್ಪದೆ ನೋಡಬೇಕಾದದ್ದು 2015. ಗೆಲುವಿಗೆ 50, ಎರಡನೆಯದಕ್ಕೆ 30 ಎಂಬ ಕಡಿದಾದ ಪಟ್ಟಿ ಬಂದ ಮೊದಲ ವರ್ಷ. ಜರ್ಮನಿಯ ಆಂಡ್ರೆ ಗ್ರೈಪಲ್ ನಾಲ್ಕು ಹಂತ ಗೆದ್ದರು. ಸ್ಲೊವಾಕಿಯಾದ ಪೀಟರ್ ಸಗಾನ್ ಒಂದನ್ನೂ ಗೆಲ್ಲಲಿಲ್ಲ, ಐದು ಬಾರಿ ಎರಡನೆಯವರಾದರು. ಆದರೂ ಹಸಿರು ಜೆರ್ಸಿ ಸಗಾನ್ ಅವರಿಗೇ: 432ಕ್ಕೆ 366. ಕಾರಣ, ಅಂಕ ಸಿಗುವ ದಿನಗಳೇ ಸಗಾನ್‌ಗೆ ಹೆಚ್ಚಿದ್ದವು. ಗ್ರೈಪಲ್ ಅವರ ಸುಗ್ಗಿ ಸಮತಟ್ಟು ಹಂತಗಳಲ್ಲಿ. ಸಗಾನ್ ಅಲ್ಲೂ ಮುಂದಿರುತ್ತಿದ್ದರು, ಗುಡ್ಡಗಾಡು ಹಂತಗಳಲ್ಲೂ ಮುಂದಿರುತ್ತಿದ್ದರು, ಪರ್ವತದ ದಿನ ಬೆಳಿಗ್ಗೆಯೇ ಮುನ್ನುಗ್ಗುವ ಸಣ್ಣ ಗುಂಪು ಸೇರಿ ಮಧ್ಯಂತರ ಸ್ಪ್ರಿಂಟ್‌ನ ಅಂಕಗಳನ್ನು ತರುತ್ತಿದ್ದರು. ಗಾಪ್ ಊರಿನ ಹಂತದಲ್ಲಿ ಹಾಗೆ ಮುಂದೆ ಹೋಗಿ, ಮಾಂಸ್ ಘಟ್ಟದ ಇಳಿಜಾರಿನಲ್ಲಿ ಎದೆ ನಡುಗಿಸುವ ವೇಗದಲ್ಲಿ ಇಳಿದು ಎರಡನೆಯವರಾದರು. ಏಳು ಹಸಿರು ಜೆರ್ಸಿಗಳ ದಾಖಲೆ ಅವರದಾದದ್ದು ಈ ಬಗೆಯಿಂದ. ಗೆಲುವಿನ ಅಂಕ ಎಷ್ಟು ಏರಿಸಿದರೂ ಮೂರು ವಾರ ಎಲ್ಲ ನೆಲದಲ್ಲೂ ದುಡಿಯುವ ಸವಾರನನ್ನು ಅದು ತಡೆಯಲಾರದು.

ಹಾಗಿದ್ದರೆ ನೆಲದ ಭೇದ ಮಾಡದೆ ಎಲ್ಲ ಹಂತಕ್ಕೂ ಒಂದೇ ಅಂಕ ಕೊಟ್ಟರೆ? ಇಟಲಿಯ ಮೂರು ವಾರದ ಓಟವಾದ ಜಿರೊ ಬಹುಕಾಲ ಹಾಗೇ ಮಾಡಿತು. ಗೆದ್ದವರಿಗೆ 25, ಎರಡನೆಯವರಿಗೆ 20, ಬಯಲಾದರೂ ಸರಿ ಬೆಟ್ಟವಾದರೂ ಸರಿ. 2012ರಲ್ಲಿ ಮೂರು ಹಂತ ಗೆದ್ದ ಕ್ಯಾವೆಂಡಿಷ್ 138 ಅಂಕ ಗಳಿಸಿದರು. ಸ್ಪೇನಿನ ಪರ್ವತವೀರ ಹೊಆಕಿನ್ ರೊಡ್ರಿಗಸ್ 139 ಗಳಿಸಿ ಜೆರ್ಸಿ ಒಯ್ದರು. ಬೆಟ್ಟದ ಹಂತಗಳಲ್ಲಿ ದಿನವೂ ಮೊದಲ ಹತ್ತರೊಳಗೆ ಬರುವವರು ಒಟ್ಟಾರೆ ಗೆಲುವಿಗೆ ಹೊರಟ ಅದೇ ಸವಾರರು. ಅವರಿಗೆ ಬೇರೆ ಜೆರ್ಸಿ ಇದ್ದೇ ಇದೆ. ಜಿರೊ 2014ರಿಂದ ನೆಲಕ್ಕೆ ತಕ್ಕ ಅಂಕ ಎಂಬ ದಾರಿಗೆ ಬಂತು, ಅದು ಒಳ್ಳೆಯದಾಯಿತು.

ನನ್ನ ನಿಲುವು ಇದು: ಮೂರು ವಾರದ ಓಟದ ಅಂಕ ಸ್ಪರ್ಧೆಯಲ್ಲಿ ಸ್ಥಿರತೆಯೇ ಗೆಲ್ಲಬೇಕು. ಹಂತ ಗೆದ್ದವರಿಗೆ ಅಂದೇ ವೇದಿಕೆ ಸಿಗುತ್ತದೆ, ದಾಖಲೆಯಲ್ಲಿ ಹೆಸರು ಕೂರುತ್ತದೆ. ಕ್ಯಾವೆಂಡಿಷ್ 2024ರಲ್ಲಿ 35ನೇ ಹಂತ ಗೆದ್ದು ಎಡ್ಡಿ ಮರ್ಕ್ಸ್ ಅವರ 34ರ ದಾಖಲೆ ದಾಟಿದರು. ಹಸಿರು ಜೆರ್ಸಿ ಎರಡೇ ಆದುದರಿಂದ ಅವರ ಹಿರಿಮೆ ಕೂದಲೆಳೆಯಷ್ಟೂ ತಗ್ಗಿಲ್ಲ. ಗೆಲುವುಗಳನ್ನು ಎಣಿಸಿ ಜೆರ್ಸಿ ಕೊಡುವುದಾದರೆ ಅದು ಹೊಸದೇನನ್ನೂ ಹೇಳುವುದಿಲ್ಲ. ಹಾಗೆಂದು ಮೊದಲನೆಯವರಿಗೂ ಎರಡನೆಯವರಿಗೂ ಅಂಕ ಹತ್ತಿರ ಹತ್ತಿರ ಇದ್ದರೆ ಸವಾರರು ಸಾಹಸ ಬಿಟ್ಟು ಲೆಕ್ಕ ಹಾಕತೊಡಗುತ್ತಾರೆ. 50 ಮತ್ತು 30ರ ಅಂತರ ಅದಕ್ಕೆ ಸರಿಯಾದ ಮದ್ದು. ನನಗೆ ಒಪ್ಪಿಗೆಯಾಗದ್ದು ಸಮತಟ್ಟು ಹಂತದ ಮಧ್ಯಂತರ ಸ್ಪ್ರಿಂಟ್. ಮುಂದೆ ಹೋದ ನಾಲ್ಕು ಜನ ದೊಡ್ಡ ಅಂಕಗಳನ್ನು ಪೈಪೋಟಿಯಿಲ್ಲದೆ ಪಡೆಯುತ್ತಾರೆ, ಹಿಂದಿನ ಗುಂಪು ಐದನೇ ಸ್ಥಾನಕ್ಕೆ ಹೋರಾಡುತ್ತದೆ. ಅಲ್ಲಿ ಅಂಕ ಇಳಿಸಿ, ಪರ್ವತದ ದಿನಗಳಲ್ಲಿ 20 ಉಳಿಸಿದರೆ ನಿಜವಾದ ಶ್ರಮಕ್ಕೆ ಬೆಲೆ ಸಿಗುತ್ತದೆ.

ಆದರೆ ಅಂಕಗಳ ಮೇಲೆ ಜೆರ್ಸಿಯಲ್ಲ, ತಂಡದ ಬದುಕೇ ನಿಂತಿರುವ ಇನ್ನೊಂದು ಪಟ್ಟಿ ಇದೆ, ಅಲ್ಲಿ ನನ್ನ ಮಾತು ಬೇರೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ, 2020ರಿಂದ 2022ರವರೆಗಿನ ಮೂರು ವರ್ಷಗಳ ಅಂಕ ಕೂಡಿಸಿ ಅಗ್ರ ದರ್ಜೆಯಾದ ವರ್ಲ್ಡ್‌ಟೂರ್‌ನ 18 ತಂಡಗಳನ್ನು ಆರಿಸಿತು. ಆ ಪಟ್ಟಿಯಲ್ಲಿ ಟೂರ್ ಡಿ ಫ್ರಾನ್ಸ್‌ನ ಒಂದು ಹಂತ ಗೆದ್ದರೆ 120 ಅಂಕ. ಬೆಲ್ಜಿಯಂ, ಫ್ರಾನ್ಸ್‌ಗಳ ಕೆಳ ದರ್ಜೆಯ ಒಂದು ದಿನದ ಓಟ ಗೆದ್ದರೆ 125, ಅದರಲ್ಲಿ ಎರಡನೆಯವರಾದರೂ 85. ಜಗತ್ತು ನೋಡುವ ಗೆಲುವಿಗಿಂತ ಯಾರೂ ನೋಡದ ಗೆಲುವು ತುಸು ಮೇಲಾಯಿತು! ತಂಡಗಳು ಸಹಜವಾಗಿಯೇ ಅಂಕ ಇರುವ ಕಡೆಗೆ ತಿರುಗಿದವು. ಬೆಲ್ಜಿಯಂನ ಲೊಟ್ಟೊ ಸೌಡಲ್ ತಂಡದ ಇಪ್ಪತ್ತರ ಹುಡುಗ ಅರ್ನೊ ಡೆ ಲೀ 2022ರಲ್ಲಿ ಸಣ್ಣ ಓಟಗಳನ್ನು ಗೆದ್ದು ತಂಡಕ್ಕೆ ರಾಶಿ ಅಂಕ ತಂದರು. ಆ ವರ್ಷ ಮೂರು ವಾರದ ಯಾವ ಓಟಕ್ಕೂ ಅವರು ಇಳಿಯಲಿಲ್ಲ. ಅಷ್ಟಾದರೂ ತಂಡ ಕೆಳದರ್ಜೆಗೆ ಇಳಿಯಿತು. ಅದರ ಜೊತೆಗೆ ಇಳಿದ ಇಸ್ರೇಲ್–ಪ್ರೀಮಿಯರ್ ಟೆಕ್ ತಂಡ ಅದೇ ಜುಲೈನಲ್ಲಿ ಟೂರ್‌ನ ಎರಡು ಹಂತ ಗೆದ್ದಿತ್ತು: ಕಲ್ಲುಹಾಸಿನ ದಾರಿಯ ಐದನೇ ಹಂತ ಸೈಮನ್ ಕ್ಲಾರ್ಕ್ ಅವರಿಗೆ, ಪಿರನೀಸ್‌ನ ಹದಿನಾರನೆಯದು ಹ್ಯೂಗೊ ಹೂಲ್ ಅವರಿಗೆ. ಎರಡಕ್ಕೂ ಸೇರಿ ಸಿಕ್ಕ ಅಂಕ 240.

ಜೆರ್ಸಿಯೊಂದರ ಸ್ಪರ್ಧೆಯಲ್ಲಿ ಎಲ್ಲರೂ ಅದೇ ದಾರಿಯಲ್ಲಿ ಅದೇ ದಿನ ಓಡುತ್ತಾರೆ, ಆದ್ದರಿಂದ ಸ್ಥಿರತೆಯ ಹೋಲಿಕೆ ನ್ಯಾಯವಾದದ್ದು. ವರ್ಷವಿಡೀ ನಡೆಯುವ ಶ್ರೇಯಾಂಕದಲ್ಲಿ ಯಾರು ಎಲ್ಲಿ ಓಡಬೇಕೆಂಬುದನ್ನು ತಂಡಗಳೇ ಆರಿಸಿಕೊಳ್ಳುತ್ತವೆ. ಅಲ್ಲಿ ದೊಡ್ಡ ಓಟದ ದೊಡ್ಡ ಗೆಲುವಿಗೆ ತಕ್ಕ ತೂಕ ಕೊಡದಿದ್ದರೆ ಒಳ್ಳೆಯ ಸವಾರರು ದೊಡ್ಡ ಓಟಗಳಿಂದಲೇ ದೂರವಾಗುತ್ತಾರೆ. ಯುಸಿಐ ಇದನ್ನು ಕೊನೆಗೆ ಒಪ್ಪಿತು: 2023ರಿಂದ ಟೂರ್ ಹಂತದ ಗೆಲುವಿಗೆ 120ರ ಬದಲು 210 ಅಂಕ. ತಿದ್ದುಪಡಿ ಸರಿಯಾದದ್ದೇ, ಆದರೆ ಕೆಳಗಿಳಿದ ಎರಡು ತಂಡಗಳಿಗೆ ಅದು ಬಂದದ್ದು ಒಂದು ವರ್ಷ ತಡವಾಗಿ.