ಜೋಳ ಹರವಿದ ರಸ್ತೆಯಲ್ಲಿ

ದೀಪಾವಳಿ ಮುಗಿದು ಚಳಿ ಕಾಲಿಡುವ ಹೊತ್ತಿಗೆ ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆ ಹೊರಟರೆ ಅರ್ಧ ರಸ್ತೆ ಹಳದಿಯಾಗಿರುತ್ತದೆ. ಟಾರಿನ ಒಂದು ಮಗ್ಗುಲಿಗೆ ಉದ್ದಕ್ಕೂ ಮೆಕ್ಕೆಜೋಳ ಹರವಿ, ಅಂಚಿಗೆ ಕಾವಲಿಗೆಂದು ಕಲ್ಲಿಟ್ಟು, ಕಲ್ಲುಗಳ ನಡುವೆ ಮುಳ್ಳಿನ ಕೊಂಬೆ ಸಿಕ್ಕಿಸಿರುತ್ತಾರೆ. ಹೆಂಗಸರು ಬರಿಗಾಲಲ್ಲಿ ಅದರೊಳಗೆ ನಡೆಯುತ್ತಾ ಪಾದದಿಂದಲೇ ಸಾಲು ಎಳೆಯುತ್ತಾರೆ. ಸರಸರ ಸದ್ದಾಗುತ್ತದೆ, ಅಡಿಯ ಹಸಿ ಕಾಳು ಮೇಲೆ ಬರುತ್ತದೆ. ಬಿಸಿಲೇರಿದಂತೆ ಒಣಗಿದ ಸಿಪ್ಪೆಯ ವಾಸನೆಗೆ ಕಾದ ಟಾರಿನ ಘಾಟು ಸೇರುತ್ತದೆ.

ಲಾರಿ ಕಣ್ಣಿಗೆ ಬೀಳುವ ಮೊದಲೇ ಅದರ ಗಾಳಿ ಹಾರ್ನು ಕೇಳುತ್ತದೆ. ಹೆಂಗಸರು ತಲೆಯೆತ್ತಿಯೂ ನೋಡದೆ ಸೆರಗು ಬಾಯಿಗೆ ಒತ್ತಿಕೊಂಡು ಚರಂಡಿಯ ಕಡೆ ಸರಿಯುತ್ತಾರೆ. ಪಟಪಟ ಬಡಿದುಕೊಳ್ಳುವ ಟಾರ್ಪಾಲು, ಒಂದು ಕ್ಷಣ ಮುಖಕ್ಕೆ ರಾಚುವ ಬಿಸಿಗಾಳಿ, ಚಕ್ರದಡಿ ಸಿಡಿದ ಕಾಳು. ಮಾತಿಲ್ಲದೆ ಪೊರಕೆ ಹಿಡಿದು ಚೆದುರಿದ್ದನ್ನು ಮತ್ತೆ ಒಟ್ಟು ಮಾಡುತ್ತಾರೆ. ಈ ಸರಿಯುವುದು, ಗುಡಿಸುವುದು ಎರಡೂ ಅವರ ದಿನದ ಕೆಲಸದ ಲೆಕ್ಕಕ್ಕೇ ಸೇರಿಹೋಗಿದೆ. ನನಗೆ ಸಂಕಟವಾಗುವುದು ಇಲ್ಲಿಯೇ.

ದಾರಿ ಸುಮ್ಮನಿರುವುದಿಲ್ಲ. ಶಿವಮೊಗ್ಗದಿಂದ ಬಂದ ರಸ್ತೆ ಶಿರಾಳಕೊಪ್ಪದಲ್ಲಿ ಕವಲೊಡೆದು ಒಂದು ಕಡೆ ಆನವಟ್ಟಿ, ಹಾನಗಲ್ಲು, ಇನ್ನೊಂದು ಕಡೆ ಹಿರೇಕೆರೂರು, ಮತ್ತೊಂದು ಕಡೆ ಸೊರಬ ಎಂದು ಹೊರಡುತ್ತದೆ. ಮಣ್ಣು ಮೆತ್ತಿದ ಶುಂಠಿಯ ಚೀಲ, ಮೆಕ್ಕೆಜೋಳ, ಹಿಂದಕ್ಕೆ ಚಾಚಿಕೊಂಡ ಅಕೇಶಿಯಾ ದಿಮ್ಮಿ, ಜಲ್ಲಿ ಉದುರಿಸುತ್ತಾ ಓಡುವ ಟಿಪ್ಪರು, ಎಲ್ಲವೂ ಆ ಸರ್ಕಲ್ಲಿನಲ್ಲಿ ತಿರುಗಬೇಕು. ಸಂತೆಗೆ ಬಂದವರು, ಬಸ್ಸಿಗೆ ಕಾಯುವವರು, ಸೈಕಲ್ಲಿನ ಹುಡುಗಿಯರು ಅದೇ ಸಂದಿಯಲ್ಲಿ ನುಸುಳಬೇಕು.

ಸೊರಬದ ದಾರಿಗೆ ಬಿದ್ದರೆ ಮರಗಳ ನೆರಳು, ತಿರುವು, ಕೆಂಪು ಮಣ್ಣು. ಮಳೆಗೆ ಅಂಚು ಕೊಚ್ಚಿಹೋದ ಕಡೆ ಟಾರು ಮಣ್ಣಿಗಿಂತ ಗೇಣುದ್ದ ಮೇಲಿರುತ್ತದೆ. ಎದುರಿನಿಂದ ಒಂದು ಲಾರಿ, ಅದನ್ನು ಹಿಂದಿಕ್ಕಲು ತಿರುವಿನಲ್ಲೇ ಬಲಕ್ಕೆ ಬಂದ ಇನ್ನೊಂದು ಲಾರಿ. ಬೈಕಿನವನಿಗೆ ಉಳಿಯುವುದು ಆ ಗೇಣುದ್ದದ ಇಳುಕಲು ಮಾತ್ರ. ಇಂಥ ರಸ್ತೆಯಲ್ಲಿ ಸರಕು ವಾಹನಕ್ಕೆ ಗಂಟೆಗೆ 60 ಕಿಲೋಮೀಟರಿನ ಮಿತಿಯಿದೆ. ಆ ಮಿತಿಯೊಳಗೇ ಬಂದರೂ ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ದೂರ ಓಡಿರುತ್ತದೆ. ಚಾಲಕ ಮಗುವನ್ನು ಕಂಡು ಬ್ರೇಕಿಗೆ ಕಾಲಿಡುವಷ್ಟರಲ್ಲಿ ಅಷ್ಟು ದಾರಿ ಕಳೆದುಹೋಗಿರುತ್ತದೆ.

ಹೋರಿ ಬೆದರಿಸುವ ಹಬ್ಬದ ಸೀಮೆ ಇದು. ಕೊಬ್ಬರಿ ಸರ ಕಟ್ಟಿಕೊಂಡ ಹೋರಿ ಬಿಟ್ಟಾಗ ಎಲ್ಲಿ ನಿಲ್ಲಬೇಕು, ಯಾವಾಗ ಬೇಲಿ ಹತ್ತಬೇಕು ಎಂಬುದು ಇಲ್ಲಿನ ಹುಡುಗರಿಗೆ ಹೇಳಿಕೊಡದೆ ಬರುತ್ತದೆ. ಲಾರಿಯ ವಿಷಯದಲ್ಲೂ ಅಂಥದೇ ಒಂದು ವಿದ್ಯೆ ಹುಟ್ಟಿಕೊಂಡಿದೆ. ಚಾ ಅಂಗಡಿಯ ಮುಂದೆ ಹಿರಿಯರೊಬ್ಬರು ಹೊಸದಾಗಿ ಬೈಕು ಹಿಡಿದ ಮೊಮ್ಮಗನಿಗೆ ಹೇಳುತ್ತಿದ್ದರು: "ಲಾರಿ ಹಿಂದೆ ಹೋಗೋದಾದ್ರೆ ಅದರ ಕನ್ನಡೀಲಿ ಡ್ರೈವರ್ ಮುಖ ನಿನಗೆ ಕಾಣ್ಬೇಕಪ್ಪ. ಕಾಣ್ಲಿಲ್ಲ ಅಂದ್ರೆ ಅವನಿಗೆ ನೀನೂ ಕಾಣಲ್ಲ. ಎಡಗಡೆ ಸಂದೀಲಿ ಮಾತ್ರ ನುಗ್ಗಬ್ಯಾಡ." ಚಾಲಕ ಎತ್ತರದಲ್ಲಿ ಬಲಕ್ಕೆ ಕೂತಿರುತ್ತಾನೆ, ಎಡ ಮುಂಗಾಲಿಯ ಪಕ್ಕ ಏನಿದೆಯೆಂದು ಅವನಿಗೆ ಸರಿಯಾಗಿ ತೋರದು. ನೂರು ಫಲಕಗಳಿಗಿಂತ ಆ ಅಜ್ಜನ ಮಾತು ಉಪಯೋಗದ್ದು.

ನಿಂತ ಲಾರಿಯೂ ಕೊಲ್ಲುತ್ತದೆ ಎಂಬುದನ್ನು ಶಿವಮೊಗ್ಗ ಜಿಲ್ಲೆ ಮರೆಯುವಂತಿಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ಹೆದ್ದಾರಿ ಬದಿಗೆ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಹಿಂದಿನಿಂದ ಬಡಿದು 13 ಜನ ಹೋದರು. ದೇವರ ದರ್ಶನ ಮುಗಿಸಿ ಇದೇ ಜಿಲ್ಲೆಯ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಗೆ ಮರಳುತ್ತಿದ್ದವರು ಅವರು.

ಅದೇ ಚಾ ಅಂಗಡಿಯಲ್ಲಿ ಟಿಪ್ಪರ್ ಚಾಲಕನೊಬ್ಬ ನಿಂತೇ ಚಾ ಕುಡಿಯುತ್ತಿದ್ದ. ಎಂಜಿನ್ ಆರಿಸಿರಲಿಲ್ಲ. ಕಣ್ಣು ಕೆಂಪಗಾಗಿದ್ದವು, ಅಂಗಿಯ ತುಂಬ ಜಲ್ಲಿಯ ಧೂಳು. "ಟ್ರಿಪ್ಪಿಗೆ ಇಷ್ಟು ಅಂತ ಕೊಡ್ತಾರೆ ಸಾರ್. ನಿಧಾನ ಹೋದ್ರೆ ಮನೆಗೆ ಏನು ಒಯ್ಯೋದು?" ಎಂದು ಲೋಟವಿಟ್ಟು ಏರಿಕೊಂಡ. ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳಿದ್ದು 1961ರಲ್ಲೇ. ತಿರುವಿನಲ್ಲಿ ಇಂಥ ಚಾಲಕ ನುಗ್ಗುವುದಕ್ಕೆ ಕ್ಷಮೆಯಿಲ್ಲ, ಅದನ್ನು ನಾನು ಒಪ್ಪಲಾರೆ. ಆದರೆ ಟ್ರಿಪ್ಪು ಎಣಿಸುವ ಮಾಲೀಕ ರಸ್ತೆಗೇ ಬರುವುದಿಲ್ಲ. ಸಿಟ್ಟಿನ ಜನ ಲಾರಿ ಅಡ್ಡಗಟ್ಟಿದಾಗ ಅವನ ಹೆಸರು ಯಾರ ಬಾಯಲ್ಲೂ ಇರುವುದಿಲ್ಲ.

ಕಾನೂನಿಗೆ ಮಾತ್ರ ಆ ಮಾಲೀಕ ಗೊತ್ತು. ಮಿತಿಮೀರಿದ ಹೊರೆಗೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಹೆಚ್ಚಿನ ಹೊರೆ ಇಳಿಸದೆ ವಾಹನ ಮುಂದೆ ಹೋಗಕೂಡದು. ಓಡಿಸುತ್ತಿದ್ದವನು ಮಾಲೀಕನಲ್ಲದಿದ್ದರೆ, ಇದು ಮಾಲೀಕನಿಗೆ ಗೊತ್ತಿದ್ದೇ ಆದದ್ದೆಂದು ನ್ಯಾಯಾಲಯ ಭಾವಿಸಬಹುದು ಎಂದೂ 1988ರ ಮೋಟಾರು ವಾಹನ ಕಾಯ್ದೆಯಲ್ಲಿದೆ. ಆದ್ದರಿಂದ ಲಾರಿಯನ್ನು ಬೆನ್ನಟ್ಟಿ ಜಗಳಕ್ಕೆ ನಿಲ್ಲುವ ಬದಲು ಹಿಂದೆ ಉಳಿದು, ನಂಬರು, ಜಾಗ, ಹೊತ್ತು ಗುರುತಿಟ್ಟು 112ಕ್ಕೆ ಕರೆ ಮಾಡಿ. ಯಾರಾದರೂ ಬಿದ್ದಿದ್ದರೆ ಮೊದಲು 108.

ಊರು ಕೇಳಬೇಕಾದದ್ದೂ ಇದೆ. ಜೋಳ ಹರವುವ ಆ ಹೆಂಗಸರಿಗೆ ಟಾರಿನಿಂದಾಚೆ ಒಂದು ಕಣ ಬೇಕು. ಶಾಲೆ ಬಿಡುವ ಹೊತ್ತಿಗೆ ಒಂದು ಗಂಟೆ ಟಿಪ್ಪರುಗಳು ಜಲ್ಲಿ ಕ್ರಷರಿನಲ್ಲೇ ನಿಲ್ಲಲಿ, ಹೊರಡುವ ಮುನ್ನ ಗೇಟಿನಲ್ಲೇ ತೂಕವಾಗಲಿ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು, ಬರೆಸಬಹುದು.